ದೂಡುವವರು ಬೇಡದ ಕುರ್ಚಿ

ದೊಡ್ಡಮ್ಮನ ಅಂಗೈ ತೆಂಗಿನ ಸಿಪ್ಪೆಯಷ್ಟು ಒರಟು. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತ ಕೈ; ಬೆರಳ ತುದಿಯಲ್ಲೆಲ್ಲ ಮುಳ್ಳು ಚುಚ್ಚಿದ ಕಲೆಗಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅದೇ ಕೈ.

ಸಕ್ಕರೆ ಕಾಯಿಲೆಯಿಂದ ಅವರ ಒಂದು ಕಾಲು ತೆಗೆಯಬೇಕಾಗಿ ಬಂದಾಗ ನಾವೆಲ್ಲ ಅತ್ತೆವು. ಅವರದು ಒಂದೇ ಚಿಂತೆ: ಕುದ್ರೋಳಿಯ ನಮ್ಮ ಓಣಿಯ ತುದಿಯಲ್ಲಿ ಮೀನಿನವರು ಕೂರುವ ಜಾಗಕ್ಕೆ ಇನ್ನು ಹೋಗುವುದು ಹೇಗೆ? ಬೇರೆಯವರು ಆರಿಸಿ ತಂದ ಮೀನು ಅವರಿಗೆ ಸೇರುತ್ತಿರಲಿಲ್ಲ.

ಗಾಲಿಕುರ್ಚಿ ತರಲು ಹೊರಟಾಗ, ಬಲೆಯ ನೂಲಿನಲ್ಲಿ ತಮ್ಮ ಕೋಣೆಯ ಬಾಗಿಲಿನ ಅಗಲ ಅಳೆದು, ಗಂಟು ಹಾಕಿ ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಟೇಪು ಇದ್ದರೂ ಅವರ ಅಳತೆಯೆಲ್ಲ ನೂಲಿನದೇ.

ಕೊಟ್ಟಾರದ ಅಂಗಡಿಗೆ ಅವರನ್ನೂ ಕಾರಿನಲ್ಲಿ ಕರೆದೊಯ್ದೆ. ಅಲ್ಲಿ ನಾನು ಸಣ್ಣ ಚಕ್ರಗಳ ಹಗುರ ಕುರ್ಚಿಯೊಂದನ್ನು ಮೆಚ್ಚಿದೆ. ಮಡಚಿ ಕಾರಿನಲ್ಲಿಡಬಹುದಿತ್ತು.

"ಇದರಲ್ಲಿ ಕೂತವರು ಎಂತ ಮಾಡುವುದು?" ಎಂದರು ದೊಡ್ಡಮ್ಮ.

"ಕೂತಿರುವುದು. ನಾನು ದೂಡ್ತೇನಲ್ಲ, ದೊಡ್ಡಮ್ಮ."

"ನೀನು ಆಫೀಸಿಗೆ ಹೋದ ಮೇಲೆ?"

ಅವರು ದೊಡ್ಡ ಚಕ್ರದ ಕುರ್ಚಿಯೊಂದನ್ನು ಹತ್ತಿರ ತರಿಸಿ, ಮೀನಿನ ಹೊಟ್ಟೆ ಒತ್ತುವಂತೆ ಟಯರು ಒತ್ತಿದರು. ಬ್ರೇಕು ಎಳೆದು ನೋಡಿದರು. ಆಮೇಲೆ ಅದರಲ್ಲಿ ಕೂತು, ಚಕ್ರದ ಹೊರಬದಿಯ ಬಳೆ ಹಿಡಿದು ತಾವೇ ಅಂಗಡಿಯೊಳಗೆ ಎರಡು ಸುತ್ತು ಹಾಕಿದರು.

"ತೋಳು ನೋಯ್ತದೆ," ಎಂದೆ.

"ಬುಟ್ಟಿಗಿಂತ ಹಗುರ ಉಂಟು."

ಮನೆಗೆ ತಂದರೆ ಕುರ್ಚಿ ಕೋಣೆಯ ಬಾಗಿಲಲ್ಲೇ ಸಿಕ್ಕಿಬಿತ್ತು. ನಾನು ಮಹಾ ಜಾಣ, ನೂಲು ಹಿಡಿದದ್ದು ಸೀಟಿಗೆ ಮಾತ್ರ. ಎರಡು ಬದಿಯ ಚಕ್ರಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೊಡ್ಡಮ್ಮ ಬೈಯಲಿಲ್ಲ, ಹೊಟ್ಟೆ ಹಿಡಿದು ನಕ್ಕರು. "ನೂಲು ಸರಿ ಉಂಟು. ನಿನ್ನ ತಲೆ ಎಲ್ಲಿತ್ತು?" ಮರುದಿನ ಬಡಗಿಯನ್ನು ಕರೆಸಿ ಬಾಗಿಲನ್ನೇ ಕಳಚಿಸಿ ಪರದೆ ಹಾಕಿಸಿದರು. ಬಾಗಿಲ ದಪ್ಪದಷ್ಟು ಜಾಗ ಸಿಕ್ಕಿ, ಕುರ್ಚಿ ಬೆರಳಗಲ ಅಂತರದಲ್ಲಿ ಹೊರಗೆ ಬಂತು.

ಮೊದಲ ದಿನ ಓಣಿಗಿಳಿದಾಗ ನನ್ನ ಕೈ ತಾನಾಗಿ ಹಿಂದಿನ ಹಿಡಿಗಳಿಗೆ ಹೋಯಿತು. ದೊಡ್ಡಮ್ಮ ಬ್ರೇಕು ಹಾಕಿದರು.

"ಕೈ ತೆಗಿ. ಹಿಂದಿನಿಂದ ಬಂದ್ರೆ ನಿನ್ನ ಮುಖ ನನಗೆ ಕಾಣ್ಲಿಕ್ಕುಂಟಾ? ಪಕ್ಕದಲ್ಲಿ ಬಾ ಮಾರಾಯ."

ಅಂದಿನಿಂದ ಭಾನುವಾರಗಳಲ್ಲಿ ನಾನು ಪಕ್ಕದಲ್ಲಿ ನಡೆದೆ. ಉಳಿದ ದಿನ ಅವರೊಬ್ಬರೇ ಹೋಗಿ, ಕಿವಿರು ಎತ್ತಿ ನೋಡಿ, ಜಗಳವಾಡಿ, ಬಂಗುಡೆಯನ್ನು ಮಡಿಲಲ್ಲಿಟ್ಟುಕೊಂಡು ರಾಣಿಯಂತೆ ಬರುತ್ತಿದ್ದರು.

ಹೀಗೆ ನಾಲ್ಕು ವರ್ಷ. ಕಳೆದ ವರ್ಷ ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅದರ ಹಿಂದಿನ ವಾರವೂ ಮೀನು ತಂದದ್ದು ಅವರೇ.

ಕುರ್ಚಿಯನ್ನು ಬೇರೊಬ್ಬರಿಗೆ ಕೊಡಲೆಂದು ತೊಳೆದೆ. ಚಕ್ರದ ಬಳೆಗಳ ಬಣ್ಣ ಅವರ ಅಂಗೈಗೆ ಪೂರ್ತಿ ಸವೆದಿತ್ತು. ಹಿಂದಿನ ಹಿಡಿಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ಅಂದು ನಾನು ಮೆಚ್ಚಿದ್ದನ್ನೇ ತಂದಿದ್ದರೆ, ಆ ನಾಲ್ಕು ವರ್ಷ ನಾನು ದೊಡ್ಡಮ್ಮನ ಬೆನ್ನನ್ನಷ್ಟೇ ನೋಡಿರುತ್ತಿದ್ದೆ.