ಮಧ್ಯಂತರದಲ್ಲಿ ಹೋದ ಕುರ್ಚಿ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯಲ್ಲಿ ಮೋರ್ಚಾ ಇಲ್ಲದ ವಾರ ಬಂದರೆ ಏನೋ ಹಬ್ಬ ತಪ್ಪಿಹೋದಂತೆ ಅನಿಸುತ್ತಿತ್ತು. ಎಣ್ಣೆಗೆ ಮೋರ್ಚಾ, ಸಕ್ಕರೆಗೆ ಮೋರ್ಚಾ, ರೇಷನ್ ಅಂಗಡಿಯ ಹುಳ ಹಿಡಿದ ಜೋಳಕ್ಕೂ ಮೋರ್ಚಾ. ಹೆಂಗಸರು ತಟ್ಟೆ, ಲಟ್ಟಣಿಗೆ ಹಿಡಿದು ಬೀದಿಗಿಳಿಯುತ್ತಿದ್ದರು. ಲೋಕಲ್‌ನಲ್ಲಿ ನೇತಾಡುತ್ತ ಹೋಗುವ ಗಂಡಸರು ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈ ಬೀಸುತ್ತ ಒಂದೇ ವಿಷಯ ವಾದಿಸುತ್ತಿದ್ದರು: ಜನ ಇಷ್ಟೊಂದು ಬೀದಿಗೆ ಬಂದ ಮೇಲೆ ಸರಕಾರ ಅವಧಿಗೆ ಮುಂಚೆಯೇ ಚುನಾವಣೆ ನಡೆಸಬೇಕೋ ಬೇಡವೋ? ಈ ಪ್ರಶ್ನೆಗೆ ದೇಶದಲ್ಲಿ ಏನು ಉತ್ತರ ಸಿಕ್ಕಿತೋ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಅದರಿಂದ ಅಪ್ಪನ ಕುರ್ಚಿ ಹೋಯಿತು.

ಕುರ್ಚಿ ಎಂದರೆ ತೀರಾ ದೊಡ್ಡದೇನಲ್ಲ. ಅಂಧೇರಿ ಸ್ಟೇಷನ್ನಿನ ಹತ್ತಿರ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ. ಅದೇ ನಮ್ಮ ಕನ್ನಡ ಸಂಘ. ಅಲ್ಲಿ ಹೋಗಿ ಬಂದವರನ್ನು ಅವರ ತಲೆಯ ಮೇಲಿನ ಹಿಟ್ಟಿನಿಂದಲೇ ಗುರುತಿಸಬಹುದಿತ್ತು. ಅಪ್ಪ ಆ ಸಂಘಕ್ಕೆ ಎರಡು ವರ್ಷದ ಅವಧಿಗೆ ಆರಿಸಿಬಂದ ಅಧ್ಯಕ್ಷ. ವಾರದ ದಿನಗಳಲ್ಲಿ ಅವನು ಜೋಗೇಶ್ವರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಸ್ಟೋರ್ ಕೀಪರ್. ಅಲ್ಲಿ ಅವನಿಗೆ ಹೆಸರೇ ಇರಲಿಲ್ಲ, 'ಏ ಕಾನಡೀ' ಎಂದು ಕೂಗಿದರೆ ಓಡಬೇಕು. ರವಿವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಆ ಮೆಟ್ಟಿಲು ಹತ್ತಿದರೆ ಒಳಗಿದ್ದವರೆಲ್ಲ ಎದ್ದು ನಿಂತು 'ಬರ್ರಿ ಅಧ್ಯಕ್ಷರ' ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅಪ್ಪ ಉಳಿದ ಆರು ದಿನ ಬದುಕುತ್ತಿದ್ದ. ಇದನ್ನು ಅವನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಶನಿವಾರ ಸಂಜೆ ಅವನು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವಾಗಿನ ಮುಖ ನೋಡಿದ್ದರೆ ಸಾಕಿತ್ತು.

ಅವ್ವನಿಗೆ ಈ ಸಂಘವೆಂದರೆ ಸವತಿ. ವಾರಕ್ಕೊಂದೇ ರಜೆ, ಆ ದಿನವೂ ಗಂಡ ಮನೆಯಲ್ಲಿಲ್ಲ ಎಂಬುದು ಅವಳ ತಕರಾರು. "ನಾ ಏನ್ ನಿಮ್ಮ ಸಂಘದ ಸದಸ್ಯಳರೆ ಆಗಿದ್ದರ ವಾರಕ್ಕೊಮ್ಮೆ ಮಾರಿ ನೋಡತಿದ್ದೆ" ಎಂದು ಗೊಣಗುತ್ತಿದ್ದಳು. ಅಪ್ಪ ತಕ್ಷಣ ಅವಳನ್ನು ಸದಸ್ಯಳನ್ನಾಗಿ ಮಾಡಿಬಿಟ್ಟ. ಸಮಸ್ಯೆ ಬಗೆಹರಿಯಿತು ಎಂದೇ ಅವನ ಭಾವನೆ.

ಆ ವರ್ಷ ವಾರ್ಷಿಕೋತ್ಸವಕ್ಕೆ ಒಂದು ನಾಟಕ, ಅದಕ್ಕೂ ಮೊದಲು ಒಂದು ಚರ್ಚೆ ಎಂದು ತೀರ್ಮಾನವಾಯಿತು. ವಿಷಯ ಊರ ಬಾಯಲ್ಲಿ ಇದ್ದದ್ದೇ. ಅಪ್ಪನೇ ಕೂತು ಕರಪತ್ರ ಬರೆದ: 'ಮಧ್ಯಂತರ ಚುನಾವಣೆ! ಬೇಕೆ? ಬೇಡವೆ? ಎಲ್ಲರೂ ತಪ್ಪದೆ ಬನ್ನಿ.' ಬೇಡ ಎನ್ನುವ ಕಡೆ ಮಾತಾಡಲು ನಾನು. ಆಗ ನಾನು ಕಾಲೇಜು ಸೇರಿದ್ದೆ, ನಾಲಿಗೆ ಚುರುಕಾಗಿತ್ತು. ಅಪ್ಪನ ಮತವೂ ಅದೇ. "ಐದು ವರ್ಷ ಅಂತ ಆರಿಸಿದ ಮ್ಯಾಲ ಐದು ವರ್ಷ. ನಡುವ ಗದ್ದಲ ಮಾಡಿ ಇಳಿಸಿದರ ನಾಳೆ ಬಂದಾವನ್ನೂ ಹಂಗ ಇಳಸ್ತಾರ" ಎಂದು ಅವನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ನನಗೆ ಅಷ್ಟೇನೂ ಖಾತ್ರಿ ಇರಲಿಲ್ಲ. ರೇಷನ್ ಜೋಳದ ರೊಟ್ಟಿ ತಿನ್ನುತ್ತ ಸರಕಾರದ ಪರವಾಗಿ ವಾದಿಸುವುದು ಸುಲಭವಲ್ಲ.

ಎಡವಟ್ಟು ಆಗಿದ್ದು ಕರಪತ್ರದ ಮೊದಲ ಪದದಲ್ಲಿ. ಕನ್ನಡ ಪತ್ರಿಕೆ ಓದುವವರಿಗೆ ಮಧ್ಯಂತರ ಚುನಾವಣೆ ಎಂದರೆ ಅವಧಿಯ ನಡುವೆ ಬರುವ ಚುನಾವಣೆ. ಆದರೆ ನಮ್ಮ ಸಂಘದ ಹುಡುಗರು ಮರಾಠಿ ಶಾಲೆಯಲ್ಲಿ ಓದಿದವರು, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಮರಾಠಿಯಲ್ಲಿ ಮಧ್ಯಂತರ ಎಂದರೆ ಇಂಟರ್‌ವಲ್! ಸಿನೆಮಾದ ಪರದೆಯ ಮೇಲೆ ಆ ಅಕ್ಷರ ಮೂಡಿದ ಕೂಡಲೇ ಬಟಾಟಾ ವಡೆ ತಿನ್ನಲು ಏಳುವುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹಾಗಾಗಿ ಅವರಿಗೆ ಕರಪತ್ರದ ಅರ್ಥ ಸ್ಪಷ್ಟವಾಗಿತ್ತು: ನಾಟಕದ ಇಂಟರ್‌ವಲ್‌ನಲ್ಲಿ ಸಂಘದ ಚುನಾವಣೆ ಇದೆ, ತಪ್ಪದೆ ಬನ್ನಿ.

ಬಂದರು. ಅಷ್ಟು ಜನ ಯಾವ ನಾಟಕಕ್ಕೂ ಬಂದಿರಲಿಲ್ಲ. ಬಾಡಿಗೆಗೆ ಹಿಡಿದಿದ್ದ ಶಾಲೆಯ ಹಾಲ್ ತುಂಬಿ, ಕಿಟಕಿಗಳಲ್ಲೂ ತಲೆಗಳು. ನಮ್ಮ ಚರ್ಚೆಗೇ ಇಷ್ಟು ಜನ ಎಂದು ಅಪ್ಪ ಉಬ್ಬಿಹೋದ. ನಾನು ಮೇಜು ಕುಟ್ಟಿ, ಆರಿಸಿದವರನ್ನು ನಡುವೆ ಇಳಿಸುವುದು ಅರ್ಧ ಬೆಂದ ಅನ್ನವನ್ನು ಒಲೆಯಿಂದ ಇಳಿಸಿದ ಹಾಗೆ ಎಂದೆ. ಚಪ್ಪಾಳೆ ಬಿತ್ತು. ಆಮೇಲೆ ನಾಟಕ ಶುರುವಾಯಿತು, ನಾಯಕಿಯ ವೇಷ ಹಾಕಿದ್ದವನು ಸೀರೆ ತೊಡರಿ ಬಿದ್ದ, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಮುಂದೆ ಇಂಟರ್‌ವಲ್ ಬಂತು.

ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮಾಲೀಕರು ದೊಡ್ಡ ಬುಟ್ಟಿಯಲ್ಲಿ ಬಿಸಿ ಗೋಳಿಬಜೆ ಹೊತ್ತು ತಂದರು. ಅದನ್ನು ಹಂಚುತ್ತಿರುವಾಗಲೇ ಹುಡುಗರು ವೇದಿಕೆಯ ಹತ್ತಿರ ಬಂದು ಕೇಳಿದರು, "ಅಧ್ಯಕ್ಷ ಸಾಹೇಬ್, ಇಂಟರ್‌ವಲ್ ಆಯ್ತಲ್ಲಾ, ಇಲೆಕ್ಷನ್ ಕಬ್ ಹೈ?"

ಅಪ್ಪ ನಕ್ಕು, ಅದು ಚರ್ಚೆಯ ವಿಷಯವಷ್ಟೇ ಎಂದು ತಿಳಿಹೇಳಿದ. ಹುಡುಗರು ಕರಪತ್ರ ಎತ್ತಿ ತೋರಿಸಿದರು. ಅಪ್ಪ ಅರ್ಥ ಬಿಡಿಸಿ ಹೇಳಿದ. ಅರ್ಥ ಯಾರಿಗೆ ಬೇಕು? ಎಲ್ಲೆಲ್ಲಿಂದಲೋ ಎರಡೆರಡು ಬಸ್ ಬದಲಿಸಿ ಬಂದಿದ್ದಾರೆ, ಚೆಂಬೂರಿನಿಂದಲೂ ಬಂದಿದ್ದಾರೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ, "ಚುನಾವಣಾ ಝಾಲೀಚ್ ಪಾಹಿಜೇ!" ಆಗಲೇಬೇಕು ಎಂದರ್ಥ, ಬೀದಿಯ ಪ್ರತಿ ಮೋರ್ಚಾದಲ್ಲಿ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿದ್ದ ಘೋಷಣೆ. ಕ್ಷಣದಲ್ಲಿ ಹಾಲ್ ತುಂಬ ಝಾಲೀಚ್ ಪಾಹಿಜೇ. ನಾಯಕಿಯ ವೇಷದಲ್ಲಿದ್ದವನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗತೊಡಗಿದ.

ಅಪ್ಪನ ಮುಖ ಕೆಂಪಾಯಿತು. ತತ್ವ ಒಂದು ಕಡೆ, ಅಭಿಮಾನ ಇನ್ನೊಂದು ಕಡೆ. ತನ್ನನ್ನು ಯಾರು ಸೋಲಿಸುತ್ತಾರೆ ಎಂಬ ಭರವಸೆಯೂ ಒಳಗೆ ಇತ್ತು ಅನಿಸುತ್ತದೆ. "ಆಗ್ಲಿ, ಕೈ ಎತ್ತರಿ. ನನ್ನ ಎದುರು ಯಾರು ನಿಲ್ಲತೀರಿ?" ಎಂದ.

ಆಗ ಒಬ್ಬ ಹುಡುಗ, ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡೇ, ಹೋಟೆಲಿನವರ ಕಡೆ ಬೆರಳು ತೋರಿಸಿದ. ಅವರು ಸೌಟು ಹಿಡಿದು ಚಟ್ನಿ ಬಡಿಸುತ್ತಿದ್ದರು. "ಎಂಥದು ಮಾರಾಯ್ರೆ, ನಂಗೆ ಇದೆಲ್ಲ ಎಂತಕ್ಕೆ?" ಎಂದು ಗಾಬರಿಯಾದರು. ಅಷ್ಟರಲ್ಲಿ ಕೈಗಳು ಎದ್ದವು. ಅದರಲ್ಲಿ ಎಷ್ಟು ಮತಕ್ಕೆ ಎದ್ದವು, ಎಷ್ಟು ಇನ್ನಷ್ಟು ಚಟ್ನಿಗೆ ಎದ್ದವು ಎಂಬುದು ದೇವರಿಗೇ ಗೊತ್ತು. ಎಣಿಸಿದವರು ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರು. ನಾನು ಅಪ್ಪನ ಪರ ಕೈ ಎತ್ತಲು ಕಾಯುತ್ತ ಪಕ್ಕಕ್ಕೆ ನೋಡಿದೆ. ನಮ್ಮ ಅವ್ವ, ಕೈತುಂಬ ಹಸಿರು ಬಳೆ, ಹೋಟೆಲಿನವರ ಪರ ನೆಟ್ಟಗೆ ಕೈ ಎತ್ತಿ ನಿಂತಿದ್ದಳು. ಅವಳ ತಟ್ಟೆಯಲ್ಲಿ ಚಟ್ನಿ ಇನ್ನೂ ಸಾಕಷ್ಟಿತ್ತು.

"ಇನ್ನ ಮ್ಯಾಲ ರವಿವಾರ ಮನಿಯಾಗ ಇರತಾರ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಇದ್ದ. ಅಪ್ಪ ಮನೆಯಲ್ಲೇ ಇದ್ದ. ಜೋಗೇಶ್ವರಿಯ ನಮ್ಮ ಚಾಳಿನ ಒಂದೂವರೆ ಕೋಣೆಯಲ್ಲಿ ಅಧ್ಯಕ್ಷತೆ ವಹಿಸಲು ಬೇರೇನೂ ಸಿಗದೆ ಅಡುಗೆಮನೆಯ ಅಧ್ಯಕ್ಷತೆ ವಹಿಸಿದ. ಡಬ್ಬಿಗಳನ್ನು ಸ್ಟೋರಿನ ನಟ್ಟು ಬೋಲ್ಟಿನ ಹಾಗೆ ಗಾತ್ರದ ಪ್ರಕಾರ ಜೋಡಿಸಿದ. ಸಾಸಿವೆ ಎಲ್ಲಿ ಎಂದು ಅವ್ವ ಕೇಳಿದರೆ ಯಾಕೆ, ಎಷ್ಟು ಬೇಕು ಎಂದು ತಿರುಗಿ ಕೇಳುತ್ತಿದ್ದ. ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಕಡಿಮೆ ಮಾಡಬಹುದೇ ಎಂದ. ಇದೆಲ್ಲದರ ನಡುವೆ ಒಮ್ಮೊಮ್ಮೆ ಬಿಳಿ ಶರ್ಟು ಹಾಕಿಕೊಂಡು ಸುಮ್ಮನೆ ಮಂಚದ ಮೇಲೆ ಕೂತುಬಿಡುತ್ತಿದ್ದ. ಅದನ್ನು ನೋಡಿದರೆ ನನಗೆ ಬೇಸರವಾಗುತ್ತಿತ್ತು. ಅವ್ವನಿಗೂ ಆಗುತ್ತಿತ್ತು, ಆದರೆ ಅವಳು ಸಾಸಿವೆಯ ವಿಷಯಕ್ಕೇ ಹೆಚ್ಚು ಬೈಯುತ್ತಿದ್ದಳು.

ಕೊನೆಗೆ ಒಂದು ರವಿವಾರ ಅವ್ವ ಚಾಳಿನ ಹೆಂಗಸರನ್ನು ಕೂಡಿಸಿದಳು. ಎಣ್ಣೆಯ ಮೋರ್ಚಾಕ್ಕೆ ಹೋಗಿಬಂದವರಿಗೆ ಯಾರೂ ಏನೂ ಕಲಿಸಬೇಕಿರಲಿಲ್ಲ. ತಟ್ಟೆ ಲಟ್ಟಣಿಗೆ ಬಡಿಯುತ್ತ, ಜೋಗೇಶ್ವರಿಯಿಂದ ಅಂಧೇರಿಯವರೆಗೆ ನಡೆದು, ಗಿರಣಿಯ ಕೆಳಗೆ ನಿಂತು ಹೊಸ ಅಧ್ಯಕ್ಷರು ಇಳಿಯಲಿ, ಕೂಡಲೇ ಚುನಾವಣೆ ಆಗಲಿ ಎಂದು ಕೂಗಿದರು. ಅರ್ಧ ಹೆಂಗಸರಿಗೆ ಕನ್ನಡವೇ ಬರುತ್ತಿರಲಿಲ್ಲ, ಯಾವ ಅಧ್ಯಕ್ಷ ಎಂಬುದೂ ಗೊತ್ತಿರಲಿಲ್ಲ. ಅವ್ವನ ಕಷ್ಟ ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವರವರ ಮನೆಯಲ್ಲೂ ರವಿವಾರ ಗಂಡಸರಿದ್ದರು.

ಹೋಟೆಲಿನವರು ಕಿಟಕಿಯಿಂದ ಇಣುಕಿ ಬೆವರು ಒರೆಸಿಕೊಂಡರು. ಇಳಿಯುವುದಕ್ಕೆ ಅವರೇನೋ ಸಿದ್ಧರಿದ್ದರು. ಅಷ್ಟರಲ್ಲಿ ಮೋರ್ಚಾದ ಸುದ್ದಿ ಕೇಳಿ ಹಿಂದೆಯೇ ಓಡಿಬಂದಿದ್ದ ಅಪ್ಪ ಮೆಟ್ಟಿಲಿಗೆ ಅಡ್ಡ ನಿಂತ, ಅದೂ ಹೋಟೆಲಿನವರ ಪರವಾಗಿ!

"ಎರಡು ವರ್ಷಕ್ಕ ಅಂತ ಆರಿಸೀರಿ. ಎರಡು ವರ್ಷ ಆಗಲಿ. ಅಲ್ಲೀತನಕ ಯಾರೂ ಇವರನ್ನ ಇಳಸೂ ಹಂಗಿಲ್ಲ. ನಡೀರಿ ಮನಿಗೆ."

"ನಿಮ್ಮ ಸಲುವಾಗೇ ಬಂದೇವ್ರಿ!" ಎಂದು ಅವ್ವ ಚೀರಿದಳು.

"ಅದಕ್ಕ ಹೇಳಾಕತ್ತೀನಿ, ನಡೀರಿ."

ಅವ್ವ ವಾರಗಟ್ಟಲೆ ಅವನೊಡನೆ ಮಾತು ಬಿಟ್ಟಳು. ಅಪ್ಪ ಎಷ್ಟು ಮೊಂಡನೋ ಅಷ್ಟೇ ಪ್ರಾಮಾಣಿಕ ಎಂದು ನನಗೆ ಅನಿಸಿದ್ದು ಅವತ್ತು. ಅವನಿಗೆ ಆ ಕುರ್ಚಿ ಎಷ್ಟು ಬೇಕಿತ್ತು ಎಂಬುದು ನನಗೆ ತಿಳಿದಿದ್ದರಿಂದ ಸಿಟ್ಟೂ ಬಂತು. ಅವನು ಮಾತ್ರ ಕ್ಯಾಲೆಂಡರ್ ನೋಡುತ್ತ, ಅವಧಿ ಮುಗಿಯಲಿ ಎಂದು ಕಾದ.

ಅವಧಿ ಮುಗಿಯುವ ಹೊತ್ತಿಗೆ ಊರಿನ ಸ್ವರವೇ ಅಡಗಿತ್ತು. ತುರ್ತುಪರಿಸ್ಥಿತಿ ಬಂದಿತ್ತು. ಲೋಕಲ್‌ನಲ್ಲಿ ಜನ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಅವಧಿಗೆ ಮುಂಚೆ ಚುನಾವಣೆ ಬೇಕೇ ಎಂದು ಕುಸ್ತಿಯಾಡಿದ್ದ ದೇಶದಲ್ಲಿ ಐದು ವರ್ಷ ತುಂಬಿದರೂ ಚುನಾವಣೆ ಬರಲಿಲ್ಲ, ಮುಂದೆ ಹಾಕಿದರು. ನಮ್ಮ ಹೋಟೆಲಿನವರಿಗೂ ಈಗ ಕುರ್ಚಿ ಸ್ವಲ್ಪ ಹದವಾಗಿತ್ತು. ಅವಧಿ ಮುಗಿದ ಸಭೆಯಲ್ಲಿ ಅವರು, "ದೇಶಕ್ಕೇ ಇಲ್ಲದ ಚುನಾವಣೆ ನಮಗೆ ಯಾಕೆ ಮಾರಾಯ್ರೆ? ಒಂದು ವರ್ಷ ಹೀಗೇ ಹೋಗಲಿ" ಎಂದರು. ಎಲ್ಲರೂ ಗೋಳಿಬಜೆ ತಿಂದು ಎದ್ದರು.

ಮರು ರವಿವಾರ ಬೆಳಿಗ್ಗೆ ಅಪ್ಪ ಗಿರಣಿಯ ಎದುರಿನ ಫುಟ್‌ಪಾತಿನಲ್ಲಿ ಹೋಗಿ ನಿಂತ. ಘೋಷಣೆಯಿಲ್ಲ, ಫಲಕವಿಲ್ಲ, ಬರೀ ನಿಂತ. ಬೀದಿಗಿಳಿದವರನ್ನು ಬದುಕಿಡೀ ಬೈದವನು! ಸುದ್ದಿ ತಿಳಿದು ಅವ್ವ, ನಾನು ಓಡಿದೆವು.

"ಹುಚ್ಚ ಹಿಡದೈತೇನ್ರಿ? ಹಿಡಕೊಂಡು ಹೋಗ್ತಾರ! ಬೀದ್ಯಾಗ ಐದು ಮಂದಿ ಕೂಡೂ ಹಂಗಿಲ್ಲಂತ."

"ನಾ ಒಬ್ಬನ ಅದೀನಲ್ಲ."

"ಅವತ್ತ ನನ್ನ ಯಾಕ ತಡದ್ರಿ ಮತ್ತ?"

"ಅವತ್ತ ಅವಧಿ ಇತ್ತು. ಈಗ ಮುಗದೈತಿ."

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಅವನ ಪಕ್ಕಕ್ಕೆ ನಿಂತಳು. ನಾನೂ ನಿಂತೆ, ಮೂವರಾದೆವು. ಬಿಸಿಲು ಏರಿತು. ಕೊನೆಗೆ ಹೋಟೆಲಿನವರು ತಾವೇ ಇಳಿದು ಬಂದು ಅಪ್ಪನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಒಬ್ಬ ಹವಾಲದಾರ ಲಾಠಿ ಆಡಿಸುತ್ತ ನಮ್ಮ ಕಡೆ ಬರತೊಡಗಿದ. ಅವ್ವ ಒಂದು ಕೈ ಎತ್ತಿ ಮರಾಠಿಯಲ್ಲಿ ಕೂಗಿದಳು, "ಸಾಹೇಬ್, ತಿಥೇಚ್ ಥಾಂಬಾ! ತುಮ್ಹೀ ಆಲಾತ್ ತರ್ ಪಾಚ್ ಹೋತೀಲ್!" ಅಲ್ಲೇ ನಿಲ್ಲಿ, ನೀವು ಬಂದರೆ ಐದಾಗುತ್ತದೆ!

ಹವಾಲದಾರ ನಿಜಕ್ಕೂ ನಿಂತ. ಬೆರಳು ಮಡಿಸಿ ನಮ್ಮನ್ನು ಎಣಿಸಿ, ತನ್ನನ್ನೂ ಸೇರಿಸಿಕೊಂಡು, ನಗು ತಡೆಯಲಾರದೆ ಮೀಸೆ ಸವರುತ್ತ ಪಾನ್ ಅಂಗಡಿಯ ಕಡೆ ತಿರುಗಿದ.

ಹೋಟೆಲಿನವರ ಬೆವರು ಮಾತ್ರ ನಿಲ್ಲಲಿಲ್ಲ. "ಬೇಡ ಮಾರಾಯ್ರೆ, ಇದೆಲ್ಲ ಬೇಡ. ಕುರ್ಚಿ ನೀವೇ ತಗೊಳ್ಳಿ. ಈಗಲೇ ಮೇಲೆ ಬಂದು ಕೂತುಕೊಳ್ಳಿ."

ಅವ್ವ ನನ್ನ ಕೈ ಹಿಂಡಿದಳು. ಎರಡು ವರ್ಷ ಅಪ್ಪ ಕಾದಿದ್ದು ಇದಕ್ಕೇ. ಅಪ್ಪ ತಲೆ ಅಲ್ಲಾಡಿಸಿದ.

"ಕೊಟ್ಟರ ನಾ ಒಲ್ಲೆ. ಕೈ ಎತ್ತಸ್ರಿ."

ಮುಂದಿನ ರವಿವಾರ ಬಾಗಿಲು ಹಾಕಿಕೊಂಡು, ಮೆಲುದನಿಯಲ್ಲಿ, ಗಿರಣಿಯ ಮೇಲಿನ ಕೋಣೆಯಲ್ಲಿ ಚುನಾವಣೆ ನಡೆಯಿತು. ಅವ್ವ ಅಪ್ಪನಿಗಾಗಿ ಎರಡೂ ಕೈ ಎತ್ತಿದಳು, ಒಂದನ್ನು ಇಳಿಸಬೇಕೆಂದು ಎಣಿಸುವವರು ಗದರಿದರು. ಅಪ್ಪ ಸೋತ. ಈ ಸಲ ತಿಂಡಿಯೂ ಇರಲಿಲ್ಲ, ಹಾಗಾಗಿ ಚಟ್ನಿಯ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ. ಅಪ್ಪ ಎಲ್ಲರಿಗಿಂತ ಮೊದಲು ಎದ್ದು ನಿಂತು, "ಬರ್ರಿ ಅಧ್ಯಕ್ಷರ" ಎಂದು ಹೋಟೆಲಿನವರನ್ನು ಕುರ್ಚಿಗೆ ಕರೆದ.

ಮನೆಗೆ ಮರಳುವಾಗ ಅವ್ವ ಅಳುತ್ತಿದ್ದಳು. ಅಪ್ಪನಿಗೆ ಹಸಿವಾಗಿತ್ತು, ಸ್ಟೇಷನ್ನಿನಲ್ಲಿ ನಿಂತು ವಡಾ ತಿಂದ. "ಅಂವನ ಮತ್ತ ಅಧ್ಯಕ್ಷ ಆದ. ಏನ್ ಗಳಿಸಿದ್ರಿ ಬಿಸಲಾಗ ನಿಂತು?" ಎಂದು ಅವ್ವ ಕೇಳಿದಳು.

ಅಪ್ಪ ಕೈ ಒರೆಸಿಕೊಂಡ. "ಇವತ್ತಿನಿಂದ ಅಂವಾ ಅಧ್ಯಕ್ಷ. ನಿನ್ನಿ ತನಕ ಬರೇ ಕುರ್ಚಿ ಮ್ಯಾಲ ಕುಂತಿದ್ದ."