ಮದುಮಗನ ಕಾರಿನಲ್ಲಿ ಮಂಡಕ್ಕಿ ಚೀಲ

ಗೆಳತಿಯರೇ, ಕಾಗುಣಿತ ತಪ್ಪಿದ್ದರೆ ನಗಬೇಡಿ, ನಾನು ಓದಿದ್ದು ಐದನೇ ಕ್ಲಾಸು.

ಇವತ್ತು ಅಣ್ಣನ ಮದುವೆ. ಕೊಟ್ಟೂರಿನ ಬೀದಿಯಲ್ಲಿ ತೆರೆದ ಕಾರಿನಲ್ಲೇ ಮೆರವಣಿಗೆ ಹೋಗಬೇಕೆಂದು ಅವನ ಹಟ. ಬಾಡಿಗೆ ಕಾರಿನ ಗುಂಡಿ ಒತ್ತಿದರೆ ಛಾವಣಿ ಒಂದು ಗೇಣು ಮೇಲೆದ್ದು ಅಲ್ಲೇ ನಿಂತುಬಿಡುತ್ತಿತ್ತು. ಮುಹೂರ್ತ ಹತ್ತಿರ ಬಂತು, ಅಣ್ಣನ ಮುಖ ಬಾಡಿತು.

ಮೆಕ್ಯಾನಿಕ್ ರಫೀಕಣ್ಣ ಎಣ್ಣೆ, ಮೋಟಾರು ಎಲ್ಲ ನೋಡಿದ. "ಎಲ್ಲಾ ಸರಿ ಐತಿ. ಡಿಕ್ಕ್ಯಾಗ ಏನಿಟ್ಟೀರಿ?"

"ಬೀಗರಿಗೆ ಒಗ್ಗರಣಿ ಹಾಕಾಕ ಮಂಡಕ್ಕಿ ಚೀಲ," ಎಂದಳು ಅವ್ವ.

"ಯವ್ವಾ, ಟಾಪು ಮಡಚಿಕೊಂಡು ಕುಂದ್ರೋದು ಅದೇ ಡಿಕ್ಕ್ಯಾಗ!"

"ಹಂಗಾದ್ರ ನನ್ನ ಮಂಡಕ್ಕಿ ಎಲ್ಲಿ ಕುಂದ್ರಬೇಕಪ್ಪಾ?"

ಚೀಲ ತೆಗೆದು ಗುಂಡಿ ಒತ್ತಿದ ಕೂಡಲೇ ಛಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಯಿತು. ಚೀಲ ಅಣ್ಣನ ಪಕ್ಕದಲ್ಲಿ ಕೂತಿತು. ದಾರಿಯುದ್ದಕ್ಕೂ ಮಂದಿ, "ಹೆಣ್ಣು ಆಗ್ಲೇ ಬಂದಾಳೇನ್ರಿ?" ಎಂದು ಕೇಳಿ ನಕ್ಕರು.

ಮೆರವಣಿಗೆ ಹೊರಡುವಾಗ ನಾನು ಚೀಲಕ್ಕೂ ಒಂದು ಮಲ್ಲಿಗೆ ಮಾಲೆ ಹಾಕಿದ್ದೆ, ಅಷ್ಟೇ.