ನಲ್ಲಿ ಸಾಲಿನ ಹೆಲ್ಮೆಟ್ಟು ಮತ್ತು ಹಾಡಿನ ಮುದುಕ

ಆ ಗಣಿ ಹೆಲ್ಮೆಟ್ಟಿನ ಎಡಗಡೆ ಕಿರುಬೆರಳು ತೂರುವಷ್ಟು ಸೀಳಿತ್ತು. ಬೇತಮಂಗಲದ ಕೆರೆಯ ನೀರು ಬರುವ ಮುಂಚೆ, ಚಿನ್ನದ ಗಣಿಯೂರಾದ ಊರಿಗಾಂನ ನಮ್ಮ ಲೈನುಮನೆಗಳ ನಲ್ಲಿಯ ಮುಂದೆ, ಬಿಂದಿಗೆಗಳ ನಡುವೆ ಅದು ಬೋರಲು ಕೂತಿರುತ್ತಿತ್ತು. ನಮ್ಮಲ್ಲಿ ಸಾಲಿಗೆ ಮನುಷ್ಯರೇ ನಿಲ್ಲಬೇಕೆಂದಿರಲಿಲ್ಲ. ಕಲ್ಲು, ಇಟ್ಟಿಗೆ, ಹರಿದ ಚಪ್ಪಲಿ, ಏನಿಟ್ಟರೂ ಜಾಗ ಇಟ್ಟವರದು. ಹೆಲ್ಮೆಟ್ಟು ಕೊನೆಯ ಮನೆಯ ತಾತನದು. ಗಣಿಯ ಕೆಲಸ ಮುಗಿದಿತ್ತು, ಹೆಂಡತಿ ತೀರಿಕೊಂಡಿದ್ದಳು, ಒಬ್ಬನೇ ಇದ್ದ.

ಬಂಗಾರಪೇಟೆ ಕಡೆಯ ನನ್ನ ಅಜ್ಜಿ ದಿನಾ ಬೆಳಿಗ್ಗೆ ಅತ್ತಿತ್ತ ನೋಡಿ, ಅದನ್ನು ಕಾಲಲ್ಲಿ ತನ್ನ ಬಿಂದಿಗೆಯ ಹಿಂದಕ್ಕೆ ತಳ್ಳುತ್ತಿದ್ದಳು.

"ಏ ಮುದ್ಕೀ, ತಲೆ ಮೇಲೆ ಬಂಡೆ ಬಿದ್ದಾಗ್ಲೂ ಜರುಗ್ಲಿಲ್ಲ ಇದು. ಇಲ್ಲಿಗ್ ಬಂದ್ಮೇಲೆ ಎಂಗ್ ಜರುಗ್ತು?" ಎಂದು ತಾತ ಓಡಿ ಬರುತ್ತಿದ್ದ.

"ಅದ್ಕೂ ವಯಸ್ಸಾಯ್ತು ಕಣಯ್ಯಾ. ತಾನೇ ಇಂದಕ್ ಸರ್ಕೊಂಡೈತೆ."

ನಾನು ಆಗಷ್ಟೇ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಹಾಸ್ಟೆಲ್ ಗೆಳತಿಯ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ಕೇಳುತ್ತ, ಆ ಹಾಡುಗಳಲ್ಲಿ ಬರುವ ಮುದುಕರ ಬಗ್ಗೆ ಒಂದು ಪ್ರಬಂಧಕ್ಕೆ ಟಿಪ್ಪಣಿ ಮಾಡುತ್ತಿದ್ದೆ. ಆ ಮುದುಕರೆಲ್ಲರೂ ಕಿಟಕಿಯ ಬಳಿಯೇ ಕೂತಿರುತ್ತಿದ್ದರು. ಅವರ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ಹಿಂದೆ ಗಿಟಾರು ಗೋಳಿಡುತ್ತಿತ್ತು.

"ಯಾಕಂಗ್ ಕಿರುಚ್ತಾನೆ ಅಮ್ಮಣ್ಣೀ, ಒಟ್ಟೆನೋವಾ?" ಎಂದಳು ಅಜ್ಜಿ, ಅವರೆಕಾಯಿ ಸುಲಿಯುತ್ತ.

"ವಯಸ್ಸಾದವರಿಗೆ ಯಾರೂ ಇಲ್ಲ ಅಂತ ಹಾಡ್ತಿದಾನೆ."

"ಗಂಟ್ಲು ಕೇಳಿದ್ರೆ ಇನ್ನೂ ಮೀಸೆ ಬಂದಿಲ್ಲ. ಇವ್ನಿಗೇನ್ ಗೊತ್ತು? ಆ ಮುದ್ಕನಿಗೆ ಜಗಳ ಆಡಾಕೂ ಒಬ್ರಿಲ್ವಾ?"

ಅಜ್ಜಿಯ ವಿಮರ್ಶೆಯನ್ನು ನಾನು ಟಿಪ್ಪಣಿಗೆ ಸೇರಿಸಲಿಲ್ಲ. ಬದಲಿಗೆ, ಹಾಡುಗಳಿಂದ ಉಕ್ಕಿದ ಕರುಣೆಯನ್ನೆಲ್ಲ ಕೊನೆಯ ಮನೆಗೆ ಒಯ್ದೆ. ತಾತನ ಎರಡು ಬಕೆಟ್ಟುಗಳನ್ನು ದಿನಾ ನಾನೇ ತುಂಬಿಸಿ ಬಾಗಿಲಿಗಿಟ್ಟೆ. "ಇನ್ಮೇಲೆ ನೀವು ಸಾಲಿಗೆ ಬರೋದೇ ಬೇಡ ತಾತ."

"ಪುಣ್ಯ ಬರ್ಲಮ್ಮಾ" ಎಂದ. ಮುಖ ಮಾತ್ರ ಏನೋ ಕಳೆದುಕೊಂಡವರ ಹಾಗಿತ್ತು.

ಐದನೆಯ ದಿನ ಸಂಜೆ ಖಾಲಿ ಬಕೆಟ್ಟು ತರಲು ಹೋದೆ. ತಾತ ಗಡ್ಡ ಬೋಳಿಸಿರಲಿಲ್ಲ. ಕಿಟಕಿಯ ಬಳಿ ಕೂತಿದ್ದ. ಹೆಲ್ಮೆಟ್ಟು ಮೊಳೆಗೆ ನೇತಾಡುತ್ತಿತ್ತು. ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ಅದನ್ನು ತಯಾರಿಸಿದವಳು ನಾನೇ ಎಂಬುದೊಂದೇ ತೊಂದರೆ.

"ಮುದ್ಕಿ ಉಸಾರಾಗವ್ಳಾ? ಸದ್ದೇ ಇಲ್ಲ" ಎಂದು ಕೇಳಿದ.

ಮನೆಯಲ್ಲಿ ಅಜ್ಜಿಯೂ ನಾಲ್ಕು ದಿನದಿಂದ ನೀರು ಸಪ್ಪೆ ಎನ್ನುತ್ತಿದ್ದಳು.

"ನಾಳೆಯಿಂದ ನನಗೆ ಪುರುಸೊತ್ತಿಲ್ಲ ತಾತ. ನೀರು ನೀವೇ ಹಿಡ್ಕೋಬೇಕು. ಜಾಗ ಮಾತ್ರ ಎಲ್ಲರಿಗಿಂತ ಮುಂದೆ ನಾನು ಹಿಡಿದಿಡ್ತೀನಿ" ಎಂದು ಮೊಳೆಯಿಂದ ಹೆಲ್ಮೆಟ್ಟು ತೆಗೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ನಲ್ಲಿಗೆ ಹೋಗಿ ಹೆಲ್ಮೆಟ್ಟನ್ನು ಮೊದಲಿಗೆ ಇಟ್ಟೆ. ಅಜ್ಜಿ ಬಿಂದಿಗೆಯಿಟ್ಟು ಅತ್ತ ತಿರುಗಿದ್ದೇ, ಅದನ್ನು ಸದ್ದಾಗದಂತೆ ಎತ್ತಿ, ಅವಳ ಬಿಂದಿಗೆ, ಆಗಲೇ ಸಾಲಿಗೆ ಬಂದಿದ್ದ ಮೂರು ಕಲ್ಲು, ಒಂದು ಚಪ್ಪಲಿಯ ಹಿಂದೆ ಇಟ್ಟೆ. ಒಳಗೆ ಬಂದು ಟೇಪ್‌ರೆಕಾರ್ಡರ್ ಆರಿಸಿ, ಬಾಗಿಲ ಹಿಂದೆ ತಾತನ ‘ಏ ಮುದ್ಕೀ’ಗೆ ಕಿವಿಗೊಟ್ಟು ನಿಂತೆ.